ಸುಗುಣಾ ಟೀಚರ್ ಕಲಿಸಿದ ಭೂತಕಾಲ

ನನ್ನ ಎಡಗೈಗೆ ಒಂದು ಅಭ್ಯಾಸವಿದೆ. ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಅದು ಆಗಾಗ ಕೀಲಿಮಣೆಯನ್ನು ಬಿಟ್ಟು ಮೇಜಿನ ಅಂಚಿಗೆ ಬಡಿಯುತ್ತದೆ. ಕೆಲವು ಸಲ ಒಂದು ಪೆಟ್ಟು, ಕೆಲವು ಸಲ ಎರಡು. ಇನ್ನು ಕೆಲವು ಸಲ ಬಡಿಯುವುದೇ ಇಲ್ಲ, ಅಂಗೈ ಅಗಲಿಸಿಕೊಂಡು ಗಾಳಿಯಲ್ಲಿ ನಿಂತುಬಿಡುತ್ತದೆ. ಮಣಿಪಾಲದ ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವವಳು ಶಿರ್ವದ ಪ್ರೆಸಿಲ್ಲಾ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಇದನ್ನು ಓರೆಗಣ್ಣಿನಿಂದ ನೋಡಿ ನೋಡಿ ಕೊನೆಗೆ ಕೇಳಿಯೇಬಿಟ್ಟಳು.

"ಎಂತ ಮಾರಾಯ್ತಿ ಅದು? ತಬಲ ಕಲ್ತಿದ್ದೀಯಾ?"

"ತಬಲ ಅಲ್ಲ, ವ್ಯಾಕರಣ."

"ವ್ಯಾಕರಣ ತಲೆಯಲ್ಲಿ ಇರುವುದಲ್ವಾ? ನಿನ್ನದು ಕೈಯಲ್ಲಿ ಉಂಟಾ?"

ನನ್ನದು ಕೈಯಲ್ಲೇ ಇರುವುದು. ಅದು ಅಲ್ಲಿಗೆ ಹೇಗೆ ಬಂತು ಎಂಬುದು ನನಗೇ ಇತ್ತೀಚಿನವರೆಗೆ ಪೂರ್ತಿ ಗೊತ್ತಿರಲಿಲ್ಲ. ಗೊತ್ತಾಗತೊಡಗಿದ್ದು ಕಾಪುವಿನ ಕಡಲ ತಡಿಯಲ್ಲಿ, ನನ್ನ ಸಹಪಾಠಿ ಸುಧಾಕರ ನೀರಿನಲ್ಲಿ ಮುಳುಗುತ್ತ ಏಳುತ್ತ ಇದ್ದಾಗ. ಆದರೆ ಅಲ್ಲಿಗೆ ಹೋಗಲು ನನಗೆ ಸ್ವಲ್ಪ ಧೈರ್ಯ ಬೇಕು. ಅಷ್ಟರವರೆಗೆ ನೀವು ನನ್ನ ಕಚೇರಿಯಲ್ಲಿ ಕುಳಿತಿರಿ.

ನಮ್ಮದು ವೈದ್ಯರ ಮಾತನ್ನು ಬರಹಕ್ಕಿಳಿಸುವ ಕಚೇರಿ. ಎಲ್ಲೋ ದೂರದೇಶದಲ್ಲಿ ಒಬ್ಬ ವೈದ್ಯ ರೋಗಿಯನ್ನು ಪರೀಕ್ಷಿಸಿ, ಕಂಡದ್ದನ್ನು ಯಂತ್ರಕ್ಕೆ ಗೊಣಗುತ್ತಾನೆ. ಮೊದಲು ನಾವು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಟೈಪ್ ಮಾಡುತ್ತಿದ್ದೆವು. ಈಗ ಯಂತ್ರವೇ ಟೈಪ್ ಮಾಡುತ್ತದೆ, ನಾವು ಅದರ ಹಿಂದೆ ಪೊರಕೆ ಹಿಡಿದುಕೊಂಡು ಹೋಗುತ್ತೇವೆ. ಎಲ್ಲವೂ ಭೂತಕಾಲ. ರೋಗಿ ಬಂದ, ಕೆಮ್ಮಿದ, ಬಿದ್ದ, ಎದ್ದ, ಮನೆಗೆ ಹೋದ. ಕೆಲವರು ಹೋಗಲಿಲ್ಲ. ಉಡುಪಿಯ ಕಡಿಯಾಳಿಯ ಬಾಡಿಗೆ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದು, ಮುಖ ನೋಡದವರ ಆಗಿಹೋದ ಕಷ್ಟಗಳಿಗೆ ಸರಿಯಾದ ಸ್ಪೆಲ್ಲಿಂಗ್ ಕೊಟ್ಟು, ಸಂಜೆ ಮನೆಗೆ ಹೋಗಿ ಕುಚ್ಚಲಕ್ಕಿ ಗಂಜಿ ಕುಡಿಯುವುದು. ಇಷ್ಟು ವರ್ಷ ಹೀಗೆಯೇ ನಡೆದುಬಂದಿದೆ.

ಇಂಗ್ಲಿಷಿನ ಭೂತಕಾಲ ಎಂಥ ಕಾಟದ್ದು ಎಂದು ನಿಮಗೂ ಗೊತ್ತಿರಬಹುದು. ಕೊನೆಗೆ ಇ-ಡಿ ಅಂಟಿಸುವಾಗ ಅಡ್ಮಿಟ್ ಆದವನಿಗೆ ಎರಡು ಟಿ ಬೇಕು, ವಾಮಿಟ್ ಮಾಡಿದವನಿಗೆ ಒಂದೇ ಸಾಕು. ರೆಫರ್ ಮಾಡಿದರೆ ಕೊನೆಯ ಆರ್ ಎರಡಾಗುತ್ತದೆ, ಆಫರ್ ಮಾಡಿದರೆ ಆಗುವುದಿಲ್ಲ. ಪ್ಯಾನಿಕ್ ಆದವನ ಬಾಲಕ್ಕೆ ಎಲ್ಲಿಂದಲೋ ಒಂದು ಕೆ ಬಂದು ಅಂಟಿಕೊಳ್ಳುತ್ತದೆ. ಅಕರ್, ಅಂದರೆ ಸಂಭವಿಸು, ಎಂಬ ಪದದಲ್ಲಿ ಸಿ ಮೊದಲೇ ಎರಡು, ಸಂಗತಿ ನಡೆದುಹೋದ ಮೇಲೆ ಆರ್ ಕೂಡ ಎರಡು. ಪ್ರೆಸಿಲ್ಲಾ ಅದನ್ನು ಮದುವೆ ಚಪ್ಪರದ ಪದ ಎನ್ನುತ್ತಾಳೆ, ಬಂದವರೆಲ್ಲ ಜೋಡಿ ಜೋಡಿ. ಟ್ರಾವೆಲ್ ಮಾಡಿದವನಿಗೆ ನಮ್ಮ ಟೀಚರ್ ಎರಡು ಎಲ್ ಕೊಟ್ಟಿದ್ದರು. ಅಮೆರಿಕದ ವೈದ್ಯರಿಗೆ ಒಂದೇ ಸಾಕಂತೆ. ದಿನವೂ ಆ ಒಂದು ಎಲ್ ಅನ್ನು ಅಳಿಸುವಾಗ ಟೀಚರ್ ಎಲ್ಲಿಂದಲೋ ನೋಡುತ್ತಿದ್ದಾರೆ ಅನ್ನಿಸಿ ನಾನು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆ.

ಟೀಚರ್ ಎಂದರೆ ಸುಗುಣಾ ಟೀಚರ್. ಕಾರ್ಕಳದಲ್ಲಿ ಹೈಸ್ಕೂಲಿನ ಮೂರೂ ವರ್ಷ ನಮಗೆ ಇಂಗ್ಲಿಷ್ ಕಲಿಸಿದವರು. ಸಪೂರ ದೇಹ, ಗಂಜಿ ಹಾಕಿದ ಹತ್ತಿಯ ಸೀರೆ, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಒಂದು ಕಪ್ಪು ಕೊಡೆ. ವಾರವಿಡೀ ಶಾಲೆಯ ಹತ್ತಿರ ಒಂದು ಕೋಣೆಯಲ್ಲಿದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಯಾವ ಊರು ಎಂದು ನಾವು ಯಾರೂ ಕೇಳಲಿಲ್ಲ. ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಿದ್ದುದರಿಂದ ಉಡುಪಿ ಪೇಟೆಯೇ ಇರಬೇಕು ಎಂದು ನಾವೇ ತೀರ್ಮಾನಿಸಿದ್ದೆವು. ಟೀಚರುಗಳಿಗೆ ಊರು, ಅಪ್ಪ, ಅಮ್ಮ, ಬಾಲ್ಯ ಎಲ್ಲ ಇರುತ್ತದೆ ಎಂಬ ಯೋಚನೆಯೇ ಆ ವಯಸ್ಸಿನಲ್ಲಿ ಬರುವುದಿಲ್ಲವಲ್ಲ.

ಅವರು ಯಾವತ್ತೂ ನಿಯಮ ಹೇಳಿಕೊಟ್ಟವರಲ್ಲ. ಕಪ್ಪು ಹಲಗೆಯ ಮೇಲೆ ಕ್ರಿಯಾಪದಗಳನ್ನು ಸಾಲಾಗಿ ಬರೆದು, ನಮಗೆ ಬೆನ್ನು ಹಾಕಿ ನಿಂತು, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತುತ್ತಿದ್ದರು. ಓಪನ್ ಎಂದರೆ ಒಂದು ಚಪ್ಪಾಳೆ, ಭೂತಕಾಲದಲ್ಲೂ ಎನ್ ಒಂದೇ. ಸ್ಟಾಪ್ ಎಂದರೆ ಬೆನ್ನುಬೆನ್ನಿಗೆ ಎರಡು, ಪಿ ಎರಡು. ಕಟ್ ಎಂದರೆ ಚಪ್ಪಾಳೆಯೇ ಇಲ್ಲ, ಎರಡೂ ಅಂಗೈ ತೆರೆದು ಹಾಗೆಯೇ ಹಿಡಿಯಬೇಕು. ಅದು ನಿನ್ನೆಯೂ ಕಟ್, ಇವತ್ತೂ ಕಟ್. ಪುಟ್, ಶಟ್, ಹರ್ಟ್ ಎಲ್ಲ ತೆರೆದ ಅಂಗೈಯವು. "ಹಿಡಿದುಕೊಳ್ಳಿ, ಬಿಡಬೇಡಿ, ಎಳೆಯಲೂಬೇಡಿ" ಎನ್ನುತ್ತಿದ್ದರು. ಪದವನ್ನು ಎಳೆಯುವುದೆಂದರೆ ಏನು ಎಂದು ನಮಗೆ ಅರ್ಥವಾಗುತ್ತಿರಲಿಲ್ಲ. ರಾಗ ಎಳೆಯಬೇಡಿ ಎನ್ನುತ್ತಿದ್ದಾರೆ ಎಂದುಕೊಂಡಿದ್ದೆವು.

ಅವರ ಕೈ ನೋಡಿಕೊಂಡು ಇಡೀ ತರಗತಿ ಚಪ್ಪಾಳೆ ಹೊಡೆಯಬೇಕು. ಪಕ್ಕದ ಕೋಣೆಯ ಗಣಿತದ ಮಾಸ್ತರರು ಒಂದು ದಿನ ಬಾಗಿಲಿಗೆ ಬಂದು ನಿಂತರು.

"ಟೀಚರ್, ನಿಮ್ಮಲ್ಲಿ ಇಂಗ್ಲಿಷೋ, ಭಜನೆಯೋ?"

"ಎರಡೂ ಅಲ್ಲ ಸರ್, ಭೂತಕಾಲ."

"ನನ್ನ ಮಕ್ಕಳು ಬೀಜಗಣಿತಕ್ಕೂ ಚಪ್ಪಾಳೆ ಹೊಡೆಯಲಿಕ್ಕೆ ಶುರು ಮಾಡಿದ್ದಾರೆ."

"ಉತ್ತರ ಸರಿ ಬಂದರೆ ಹೊಡೆಯಲಿ, ಅಲ್ವಾ?"

ಬೆನ್ನು ಹಾಕಿ ನಿಂತರೂ ಅವರಿಗೆ ತಪ್ಪು ಮಾಡಿದವರು ಯಾರೆಂದು ಗೊತ್ತಾಗುತ್ತಿತ್ತು. ಸಾಮಾನ್ಯವಾಗಿ ಅದು ಸುಧಾಕರನೇ ಆಗಿರುತ್ತಿದ್ದ. ಅವನ ಅಪ್ಪನಿಗೆ ಕಲ್ಲು ಕೆತ್ತುವ ಕೊಟ್ಟಿಗೆಯಿತ್ತು. ಉಳಿ ಸುತ್ತಿಗೆಗಳ ಸದ್ದಿನ ನಡುವೆ ಬೆಳೆದ ಅವನ ಕೈಗೆ ಒಂದು ಪೆಟ್ಟಿಗೆ ನಿಲ್ಲುವುದು ಸಾಧ್ಯವೇ ಇರಲಿಲ್ಲ. ಎಲ್ಲರ ಒಂದು ಚಪ್ಪಾಳೆ ಮುಗಿದು ಕೋಣೆ ನಿಶ್ಶಬ್ದವಾದ ಮೇಲೆ, ಹಿಂದಿನ ಬೆಂಚಿನಿಂದ ಇನ್ನೊಂದು, ಟಪ್. ಟೀಚರ್ ತಿರುಗುತ್ತಿರಲಿಲ್ಲ.

"ಸುಧಾಕರ, ಒಂದೇ."

ಮೂರು ವರ್ಷವೂ ಇದೇ. ಅವನು ಬೇಕೆಂದು ಮಾಡುತ್ತಿರಲಿಲ್ಲ ಎಂದು ನನಗೆ ಗೊತ್ತು, ಯಾಕೆಂದರೆ ಅವನ ಮುಖದಲ್ಲಿ ಪ್ರತಿ ಸಲವೂ ನಮಗಿಂತ ಹೆಚ್ಚು ಆಶ್ಚರ್ಯ ಇರುತ್ತಿತ್ತು.

ಕಲ್ಲಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಾರ್ಕಳದ ಮಕ್ಕಳಿಗೆ ನೆಲ ಎಂದರೆ ಬಂಡೆ. ಅಂಗಳದ ಆಚೆ ಬಂಡೆ, ಶಾಲೆಯ ಹಿಂದೆ ಬಂಡೆ, ಕಣ್ಣೆತ್ತಿದರೆ ಆನೆಯ ಬೆನ್ನಿನಂಥ ಬಂಡೆ. ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ, ಅದರ ಮೇಲೆ ಮಲಗಿ ಆಕಾಶ ನೋಡುತ್ತಾರೆ, ಅದರ ಮೇಲಿಂದ ಜಾರುಬಂಡಿ ಆಡಿ ಚಡ್ಡಿಯ ಹಿಂಭಾಗವನ್ನು ಮನೆಗೆ ಮುಟ್ಟದ ಹಾಗೆ ಮಾಡುತ್ತಾರೆ. ಇಳಿಜಾರಾದ ಬಂಡೆ ಹತ್ತುವಾಗ ಮೊದಲು ಚಪ್ಪಲಿ ಬಿಡಬೇಕು ಎಂಬುದು ನಮ್ಮ ಊರಿನಲ್ಲಿ ಯಾರೂ ಹೇಳಿಕೊಡದೆ ಬರುವ ವಿದ್ಯೆ. ಬರಿಗಾಲಿಗೆ ಕಲ್ಲು ಕಚ್ಚುತ್ತದೆ, ಬೀಳಲು ಬಿಡುವುದಿಲ್ಲ. ಕಲ್ಲನ್ನು ನಂಬಿ ಕೆಟ್ಟವರನ್ನು ನಾವು ಕಂಡಿರಲಿಲ್ಲ. ಸಮುದ್ರವನ್ನೂ ಹೆಚ್ಚು ಕಂಡಿರಲಿಲ್ಲ. ಅದು ನಮಗೆ ನೆಂಟರು ಬಂದಾಗ ಅವರಿಗೆ ತೋರಿಸುವ ವಸ್ತು.

ಈಗ ಸುಧಾಕರ ಅದೇ ಕೊಟ್ಟಿಗೆ ನಡೆಸುತ್ತಾನೆ. ಉಳಿಯ ಜಾಗಕ್ಕೆ ಯಂತ್ರ ಬಂದಿದೆ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಬಾಯಿ ಮೊದಲಿನದೇ. ಮಳೆಗಾಲ ಕಳೆದ ಮೇಲೆ ಒಂದು ದಿನ ಫೋನ್ ಮಾಡಿದ.

"ನಮ್ಮ ಸುಗುಣಾ ಟೀಚರ್ ಕಾಪುವಿನಲ್ಲಿ ಇದ್ದಾರಂತೆ ಮಾರಾಯ್ತಿ. ಊರೇ ಅದಂತೆ. ತಮ್ಮನ ಮನೆಯಲ್ಲಿ ಇರುವುದು. ಹೋಗಿ ಬರುವನಾ?"

"ಕಾಪುವಾ? ಉಡುಪಿ ಅಲ್ವಾ ಅವರದ್ದು?"

"ನೀನು ಕಡಿಯಾಳಿಯಲ್ಲಿ ಇರುವುದು ಎಂದು ಎಲ್ಲರೂ ಅಲ್ಲೇ ಹುಟ್ಟಬೇಕಾ?"

ಭಾನುವಾರ ಮಧ್ಯಾಹ್ನ ಹೋದೆವು. ಕಡಲಿಗೆ ಹತ್ತಿರದ ಮನೆ, ಅಂಗಳದಲ್ಲಿ ಹರಡಿದ ಬಲೆ. ತಮ್ಮ ವಾಮನ ಕೈರಂಪಣಿಯವರು. ಕೈರಂಪಣಿ ಎಂದರೆ ದೋಣಿಯಲ್ಲಿ ಬಲೆಯನ್ನು ಕಡಲಿಗೆ ಅರ್ಧಚಂದ್ರದ ಹಾಗೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ಮರಳಿನ ಮೇಲೆ ನಿಂತು ಊರವರೆಲ್ಲ ಸೇರಿ ಎಳೆಯುವುದು. ಟೀಚರ್ ಬಾಗಿಲಲ್ಲೇ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸೀರೆಯ ಗಂಜಿ ಹಾಗೆಯೇ ಇತ್ತು. ಸುಧಾಕರ ತಾನೇ ಮಾಡಿದ ಕರಿಕಲ್ಲಿನ ಪುಟ್ಟ ಕುಟ್ಟಾಣಿಯೊಂದನ್ನು ಅವರ ಕೈಗಿಟ್ಟ. ಭಾರಕ್ಕೆ ಕೈ ಕೆಳಗೆ ಹೋಯಿತು.

"ಇದರಲ್ಲಿ ಎಂತ ಕುಟ್ಟುವುದು? ನಿನ್ನ ಸ್ಪೆಲ್ಲಿಂಗಾ?"

"ಅದು ಕುಟ್ಟಿದರೂ ಹುಡಿಯಾಗಲಿಕ್ಕಿಲ್ಲ ಟೀಚರ್."

ಗೋಳಿಬಜೆ ತಿಂದು, ಚಹಾ ಕುಡಿದು, ಬಿಸಿಲು ಇಳಿದ ಮೇಲೆ ಮೂವರೂ ಕಡಲ ಕಡೆಗೆ ಹೊರಟೆವು. ದೀಪಸ್ತಂಭ, ಅಂದರೆ ಲೈಟ್‌ಹೌಸ್, ನಿಂತಿರುವ ಬಂಡೆಯ ಹತ್ತಿರ ಭಾನುವಾರದ ಜನ. ವಾಮನರ ತಂಡ ಪಕ್ಕದಲ್ಲೇ ಹಗ್ಗ ಸುತ್ತುತ್ತ ಬಲೆ ಬಿಡಲು ತಯಾರಾಗುತ್ತಿತ್ತು. ಸುಧಾಕರ ದೀಪಸ್ತಂಭವನ್ನು ನೋಡಲೇ ಇಲ್ಲ. ಅದರ ಬುಡದ ಬಂಡೆಯನ್ನು ನೋಡಿದ, ದನದ ಬೆನ್ನು ತಟ್ಟುವ ಹಾಗೆ ತಟ್ಟಿದ.

"ಎಂಥ ಕಲ್ಲು. ಇಷ್ಟು ವರ್ಷ ನೀರು ಹೊಡೆದರೂ ಹೇಗೆ ನಿಂತಿದೆ ನೋಡು."

ಚಪ್ಪಲಿ ಬಿಟ್ಟು, ಅಕ್ಕಪಕ್ಕ ಇಟ್ಟು, ನೀರಿನ ಬದಿಗೆ ಇಳಿಯತೊಡಗಿದ.

"ಆ ಕಡೆ ಬೇಡ ಸುಧಾಕರ. ಅದು ನಿನ್ನ ಊರಿನ ಕಲ್ಲಲ್ಲ."

"ಯಾವ ಊರಿನದ್ದಾದರೂ ಕಲ್ಲು ಕಲ್ಲೇ ಟೀಚರ್. ನಾನು ಕಲ್ಲಿನೊಟ್ಟಿಗೆ ಹುಟ್ಟಿದವ."

ಇಲ್ಲಿಂದ ಮುಂದಿನದು ನನ್ನೊಳಗೆ ಭೂತಕಾಲಕ್ಕೆ ಹೋಗಲು ಒಪ್ಪಿರಲಿಲ್ಲ. ಬಹಳ ಸಮಯ ಅದು ನಡೆಯುತ್ತಲೇ ಇತ್ತು. ಆಗ ಇದ್ದ ಹಾಗೆಯೇ ಹೇಳುತ್ತೇನೆ, ಟೀಚರ್ ಕ್ಷಮಿಸಲಿ.

ಅವನ ಕಾಲು ಹಸಿರು ಪಾಚಿಯ ಮೇಲಿದೆ. ಅವನು ಕೂಗುವುದಿಲ್ಲ. ಒಂದು ಗಳಿಗೆ ಅಲ್ಲಿ ಮನುಷ್ಯನಿದ್ದಾನೆ, ಮರುಗಳಿಗೆ ಬರೀ ಬಂಡೆಯಿದೆ, ಮೇಲೆ ಜೋಡಿಸಿಟ್ಟ ಚಪ್ಪಲಿಗಳಿವೆ. ಆಮೇಲೆ ನೊರೆಯ ನಡುವೆ ಒಂದು ತಲೆ ಕಾಣುತ್ತದೆ. ಅವನ ಕೈ ಬಂಡೆಯ ಅಂಚನ್ನು ಹುಡುಕುತ್ತದೆ, ಸಿಗುತ್ತದೆ, ತೆರೆ ಅವನನ್ನು ಅಲ್ಲಿಂದ ಬಿಡಿಸಿಕೊಂಡು ಹೋಗುತ್ತದೆ. ಮತ್ತೆ ಹುಡುಕುತ್ತದೆ. ಆ ಕೈಗೆ ಕಲ್ಲಿನ ಮೇಲೆ ಇನ್ನೂ ನಂಬಿಕೆಯಿದೆ.

"ವಾಮನಾ." ಟೀಚರ ಕೊಡೆ ಮರಳಿಗೆ ಬೀಳುತ್ತದೆ.

ತಂಡದವರು ಹಗ್ಗ ಹಿಡಿದು ಓಡಿ ಬರುತ್ತಾರೆ. ಇಬ್ಬರು ಅದರ ತುದಿಯನ್ನು ಕಟ್ಟಿಕೊಂಡು ನೀರಿಗೆ ಹಾರುತ್ತಾರೆ. ವಾಮನ ಎದೆಯಮಟ್ಟದ ನೀರಿನಲ್ಲಿ ನಿಂತು ಹಗ್ಗ ಬಂಡೆಗೆ ಉಜ್ಜದ ಹಾಗೆ ಹೆಗಲು ಕೊಡುತ್ತಾರೆ. ಈಜಿ ಹೋದವರು ಸುಧಾಕರನ ಎದೆಗೆ ಹಗ್ಗ ಸುತ್ತಿದ್ದು ಕಾಣುತ್ತದೆ. ಇತ್ತ ದಡದಲ್ಲಿ ಕಂಡಕಂಡವರೆಲ್ಲ ಹಗ್ಗ ಹಿಡಿಯುತ್ತಾರೆ. ಮಣಿಪಾಲದ ಹಾಸ್ಟೆಲ್ ಹುಡುಗರು, ಸಂಸಾರ ಸಮೇತ ಬಂದವರು, ಚರುಮುರಿ ಮಾರುವವರು, ನಾನು. ಒಬ್ಬರು ಹಿಂದಿಯಲ್ಲಿ, ಒಬ್ಬರು ಮಲಯಾಳದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ ಕೂಗುತ್ತಾರೆ. ನೀರಿನಿಂದ ವಾಮನ ತುಳುವಿನಲ್ಲಿ "ಒಯ್ಪುಲೆ" ಎನ್ನುತ್ತಾರೆ, ಎಳೆಯಿರಿ ಎಂದು. ಮರುಕ್ಷಣ "ಉಂತುಲೆ" ಎನ್ನುತ್ತಾರೆ, ನಿಲ್ಲಿ ಎಂದು. ಅರ್ಥವಾದವರು ನಿಲ್ಲುತ್ತಾರೆ, ಆಗದವರು ಎಳೆಯುತ್ತಾರೆ.

ತೆರೆ ಹಿಂದಕ್ಕೆ ಸರಿಯುವಾಗ ಅವನು ದೂರ ಹೋಗುವುದು ಕಂಡು ನಾವು ಭಯದಿಂದ ಎಳೆಯುತ್ತೇವೆ. ಹಗ್ಗ ತಂತಿಯ ಹಾಗೆ ಬಿಗಿದು ಮೂರೂ ತಲೆಗಳು ನೀರಿನೊಳಗೆ ಹೋಗುತ್ತವೆ. ಹೆದರಿ ಸಡಿಲ ಬಿಡುತ್ತೇವೆ. ಆಗ ತೆರೆ ಮುಂದಕ್ಕೆ ಬಂದು ಅವರನ್ನು ಬಂಡೆಯ ಕಡೆಗೆ ಎತ್ತಿ ಹಾಕುತ್ತದೆ. ಸುಧಾಕರನ ಹೆಗಲು ಕಲ್ಲಿಗೆ ಬಡಿದದ್ದು ನನಗೆ ಕಾಣುತ್ತದೆ. ಸದ್ದು ಕೇಳುವುದಿಲ್ಲ. ಕೇಳದಿದ್ದರೂ ನನಗೆ ಅದು ಈಗಲೂ ಕೇಳುತ್ತದೆ. ಇನ್ನೊಂದು ಸಲ ಹಾಗಾದರೆ ಅವನಿಲ್ಲ ಎಂದು ಹಗ್ಗ ಹಿಡಿದ ಎಲ್ಲರಿಗೂ ಗೊತ್ತಿದೆ. ಕೈಗಳು ಮಾತ್ರ ತಮ್ಮತಮ್ಮ ಹೆದರಿಕೆಯಲ್ಲಿವೆ.

ಆಗ ಟೀಚರ್ ನೀರಿಗೆ ಇಳಿಯುತ್ತಾರೆ. ಮೊಣಕಾಲಿನವರೆಗೆ ಇಳಿದು ನಿಲ್ಲುತ್ತಾರೆ. ನಮಗೆ ಬೆನ್ನು. ಮುಖ ಕಡಲಿಗೆ. ಎರಡೂ ಕೈ ತಲೆಯ ಮೇಲಕ್ಕೆ.

ಒಂದು ಚಪ್ಪಾಳೆ.

ನಾನು ಎಳೆದುಬಿಟ್ಟಿದ್ದೇನೆ. ಯೋಚಿಸಿ ಅಲ್ಲ. ಒಂದೇ ಎಳೆತ, ಎಳೆದು ನಿಂತಿದ್ದೇನೆ. ನನ್ನೊಳಗೆ ಎಂಟನೆಯ ತರಗತಿಯ ಬೆಂಚಿನಲ್ಲಿ ಕುಳಿತ ಯಾರೋ ಕೈಗಳನ್ನು ನಡೆಸುತ್ತಿದ್ದಾರೆ. ಟೀಚರ ಅಂಗೈಗಳು ತೆರೆದುಕೊಳ್ಳುತ್ತವೆ. ಹಿಡಿದುಕೊಳ್ಳಿ, ಬಿಡಬೇಡಿ, ಎಳೆಯಲೂಬೇಡಿ. ತೆರೆ ಹಿಂದಕ್ಕೆ ಹೋಗುತ್ತಿದೆ. ನಾನು ಹಿಂದಿನವರಿಗೆ ಕೂಗುತ್ತೇನೆ.

"ಕೈ ನೋಡಿ. ಟೀಚರ್ ಕೈ ನೋಡಿ. ಒಂದಕ್ಕೆ ಒಂದು, ಎರಡಕ್ಕೆ ಎರಡು, ತೆರೆದರೆ ಹಿಡಿದುಕೊಳ್ಳಿ."

ಚರುಮುರಿಯವರು ಅದನ್ನು ಹಿಂದಕ್ಕೆ ದಾಟಿಸುತ್ತಾರೆ. ಯಾರೋ ಹಿಂದಿಯಲ್ಲಿ ಹೇಳುತ್ತಾರೆ, ಯಾರೋ ಮಲಯಾಳದಲ್ಲಿ. ಆಮೇಲೆ ಹೇಳುವ ಅಗತ್ಯವೂ ಇರುವುದಿಲ್ಲ. ತೆರೆ ನೀರಿನಲ್ಲಿದ್ದ ಮೂವರ ಬೆನ್ನ ಹಿಂದೆ ಎದ್ದು ನಿಂತಾಗ ಎರಡು ಚಪ್ಪಾಳೆ, ಬೆನ್ನುಬೆನ್ನಿಗೆ. ನಾವು ಎರಡು ಸಲ ಎಳೆಯುತ್ತೇವೆ, ನೀರು ಅವರನ್ನು ನಮ್ಮ ಕಡೆಗೇ ತಳ್ಳುತ್ತದೆ. ತೆರೆದ ಅಂಗೈ. ಹಗ್ಗ ಕೈ ಸುಡುತ್ತದೆ, ಯಾರೂ ಬಿಡುವುದಿಲ್ಲ. ಒಂದು. ಅಂಗೈ. ಎರಡು. ಎಲ್ಲಿಂದಲೋ ಬಂದು ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದ ನಾವೆಲ್ಲ ಒಂದೇ ಮೈಯಾಗಿದ್ದೇವೆ. ಆ ಮೈಯ ಕೈಗಳು ಅಲ್ಲಿ, ನೀರಿನಲ್ಲಿ, ಬಿಳಿ ತಲೆಯ ಮೇಲೆ ಇವೆ. ಅಂಥದ್ದರ ಒಳಗೆ ನಾನು ಅದಕ್ಕೆ ಮುಂಚೆ ಇದ್ದವಳಲ್ಲ. ದೇವರ ಎದುರು ನಿಂತಾಗಲೂ ನನಗೆ ನಾನು ಇಷ್ಟು ಸಣ್ಣವಳಾಗಿ, ಇಷ್ಟು ದೊಡ್ಡದರ ಪಾಲಾಗಿ ಕಂಡದ್ದಿಲ್ಲ.

ಆಗಲೇ ನನಗೆ ಒಂದು ಸಂಗತಿ ತಿಳಿಯುತ್ತದೆ. ಎಳೆತ ತೀರ ಒಪ್ಪವಾಗಿದೆ. ಒಂದು ಚಪ್ಪಾಳೆಗೆ ಒಂದೇ ಎಳೆತ, ಆಮೇಲೆ ಪೂರ್ತಿ ನಿಶ್ಶಬ್ದ. ನಮ್ಮ ತರಗತಿಯಲ್ಲಿ ಒಮ್ಮೆಯೂ ಹೀಗಾದದ್ದಿಲ್ಲ. ಹೆಚ್ಚಿನದೊಂದನ್ನು ಹಾಕುವವನು ಹಗ್ಗದ ಆ ತುದಿಯಲ್ಲಿದ್ದಾನೆ. ಟೀಚರ್ ತಿರುಗುವುದಿಲ್ಲ. ಆದರೆ ಪ್ರತಿ ಸಲ ಒಂದು ಚಪ್ಪಾಳೆಯಾದ ಮೇಲೆ ಅವರ ತಲೆ ಸ್ವಲ್ಪ ವಾರೆಯಾಗುತ್ತದೆ, ಹಿಂದಿನ ಬೆಂಚಿಗೆ ಕಿವಿಗೊಟ್ಟವರ ಹಾಗೆ.

ಅವನನ್ನು ಮರಳಿಗೆ ತಂದು ಹಾಕುತ್ತಾರೆ. ತುಟಿ ನೀಲಿ. ಎದೆಯ ಚರ್ಮ ಸುಲಿದಿದೆ. ಯಾರೋ ಮಗ್ಗುಲಿಗೆ ಹೊರಳಿಸುತ್ತಾರೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಅವನು ಕಡಲನ್ನು ವಾಂತಿ ಮಾಡಿಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದ ಮೊದಲ ಯೋಚನೆ ವಾಮಿಟ್‌ಗೆ ಒಂದೇ ಟಿ ಎಂಬುದು. ಇಂಥವಳು ನಾನು. ಟೀಚರ್ ಒದ್ದೆ ಮರಳಿನ ಮೇಲೆ ಕುಳಿತಿದ್ದಾರೆ. ಅವರ ಅಂಗೈಗಳು ಇನ್ನೂ ತೆರೆದೇ ಇವೆ. ಮಡಚಲು ಬರುತ್ತಿಲ್ಲ. ನಾನು ಅವನ್ನು ನನ್ನ ಸುಟ್ಟ ಕೈಗಳಲ್ಲಿ ಹಿಡಿದುಕೊಂಡು ಕೂರುತ್ತೇನೆ.

ಸುಧಾಕರನ ಪಕ್ಕೆಲುಬು ಬಿರುಕು ಬಿಟ್ಟಿತ್ತು, ಹೆಗಲ ಕೀಲು ತಪ್ಪಿತ್ತು. ಕೆಲವು ದಿನ ಆಸ್ಪತ್ರೆಯಲ್ಲಿದ್ದ. ನೋಡಲು ಹೋದಾಗ ವಾಮನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಕೇಳಬೇಕೆಂದಿದ್ದದ್ದನ್ನು ಅವರನ್ನೇ ಕೇಳಿದೆ.

"ಆ ಚಪ್ಪಾಳೆ ಶಾಲೆಯದಲ್ವಾ? ನಮಗೆ ಸ್ಪೆಲ್ಲಿಂಗಿಗೆ ಹೇಳಿಕೊಟ್ಟದ್ದು."

ಅವರು ನಕ್ಕರು. "ನಿಮ್ಮ ಶಾಲೆಗೆ ಎಲ್ಲಿಂದ ಬಂತು ಎಂದು ಎಣಿಸಿದ್ದೀರಿ? ಅದು ನಮ್ಮ ಅಪ್ಪನದು. ಬಲೆಯ ಎರಡು ಹಗ್ಗ ಎಷ್ಟು ದೂರ ದೂರ ಇರುತ್ತದೆ, ಕಡಲ ಸದ್ದಿಗೆ ಕೂಗಿದರೆ ಕೇಳುವುದಿಲ್ಲ. ಅಪ್ಪ ನಡುವೆ ನೀರಿಗಿಳಿದು ಕೈ ಎತ್ತುತ್ತಿದ್ದರು. ಎರಡು ಕಡೆಯವರೂ ಕೈ ನೋಡಿ ಎಳೆಯುವುದು. ಈಗ ಸೀಟಿ ಉಂಟು, ಕೈ ಯಾರಿಗೂ ಬೇಡ. ಅಕ್ಕ ದಿನಾ ಸಂಜೆ ಶಾಲೆಯಿಂದ ಬಂದು ಅಪ್ಪನ ಹಿಂದೆಯೇ ನಿಲ್ಲುತ್ತಿದ್ದಳು."

ಒಳಗೆ ಟೀಚರ್ ಸುಧಾಕರನಿಗೆ ಮೂಸಂಬಿಯ ತೊಳೆ ಬಿಡಿಸಿ ಕೊಡುತ್ತಿದ್ದರು. ನಾನು ವಾಮನ ಹೇಳಿದ್ದನ್ನು ಹೇಳಿದೆ. ಅವರು ತೊಳೆಯ ನಾರು ತೆಗೆಯುತ್ತಲೇ ಇದ್ದರು.

"ಮೊದಲ ದಿನ ಕಾರ್ಕಳದಲ್ಲಿ ತರಗತಿಗೆ ಹೋದದ್ದು ಗೊತ್ತುಂಟಾ, ಬೆಂಚು ತುಂಬ ಮಕ್ಕಳು. ಓದಿಕೊಂಡು ಹೋದದ್ದು ಒಂದೂ ನೆನಪಿಲ್ಲ. ನಿಮ್ಮ ಮುಖ ನೋಡಲಿಕ್ಕೆ ಹೆದರಿಕೆಯಾಗಿ ಹಲಗೆಯ ಕಡೆ ತಿರುಗಿದೆ. ಎಂತ ಮಾಡುವುದು ಎಂದು ತಿಳಿಯದೆ ಕೈ ಎತ್ತಿದೆ. ಅಪ್ಪನನ್ನು ಎಣಿಸಿಕೊಂಡು."

"ನಮಗೆ ನೀವು ಹೆದರುವವರು ಎಂದು ಅನ್ನಿಸಿರಲೇ ಇಲ್ಲ ಟೀಚರ್."

"ಕಡಲಿಗೆ ಬೆನ್ನು ಹಾಕಬಾರದು, ಮಕ್ಕಳಿಗೆ ಹಾಕಬಹುದು" ಎಂದರು. "ಮಕ್ಕಳು ಎಳೆದುಕೊಂಡು ಹೋಗುವುದಿಲ್ಲ."

ಹಾಸಿಗೆಯಿಂದ ಸುಧಾಕರ, ನಗಲೂ ನೋವಾಗುತ್ತಿದ್ದುದರಿಂದ ತುಟಿ ಮಾತ್ರ ಅಲುಗಿಸಿ, "ನನ್ನನ್ನು ಮೂರು ವರ್ಷ ಎಳೆದದ್ದು ಸಾಲಲಿಲ್ಲವಾ ನಿಮಗೆ" ಎಂದ. ಅವರು ಅವನ ಬಾಯಿಗೆ ಇನ್ನೊಂದು ತೊಳೆ ತುರುಕಿದರು.

ಅವನು ಮನೆಗೆ ಹೋದ. ನಾನು ಕಚೇರಿಗೆ ಬಂದೆ. ದೂರದೇಶದ ಮುದುಕಿಯೊಬ್ಬಳು ಸ್ನಾನದ ಮನೆಯಲ್ಲಿ ಜಾರಿ ಬಿದ್ದಿದ್ದಳು. ಸ್ಲಿಪ್, ಪಿ ಎರಡು, ಇದಕ್ಕಿಂತ ಸುಲಭದ ಪದವಿಲ್ಲ. ಯಂತ್ರ ಏನನ್ನೋ ತಪ್ಪಾಗಿ ಬರೆದು ನನ್ನನ್ನು ಕಾಯುತ್ತಿತ್ತು. ನನ್ನ ಎಡಗೈ ಎರಡು ಪೆಟ್ಟು ಬಡಿಯಬೇಕಾಗಿತ್ತು. ಬಡಿಯಲಿಲ್ಲ. ಅಂಗೈ ತೆರೆದು ನಿಂತಿತು. ನನ್ನ ಕಣ್ಣ ಮುಂದೆ ಚಪ್ಪಲಿಗಳು, ಹಸಿರು ಪಾಚಿ, ಕಲ್ಲನ್ನು ಹುಡುಕುವ ಕೈ. ಮರುದಿನವೂ ಹಾಗೆಯೇ. ಜಾರುವವರು, ಬೀಳುವವರು ಬಂದರೆ ಕೈ ಮುಂದೆ ಹೋಗುತ್ತಿರಲಿಲ್ಲ, ಅವೆಲ್ಲ ಹರ್ಟ್ ಜಾತಿಗೆ ಸೇರಿಕೊಂಡ ಹಾಗೆ, ನಿನ್ನೆಯೂ ಅದೇ, ಇವತ್ತೂ ಅದೇ. ಪ್ರೆಸಿಲ್ಲಾ ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ನನ್ನ ಕೀಲಿಮಣೆಯ ಮೇಲೆ ಕೈ ಚಾಚಿ ಆ ಪದವನ್ನು ತಿದ್ದಿ ಹಿಂದೆ ಸರಿಯುತ್ತಿದ್ದಳು. ಒಂದು ದಿನ ಹೇಳಿದಳು, "ನೀನು ಹೋಗಿ ಆ ನೀರನ್ನು ಒಮ್ಮೆ ನೋಡಿ ಬಾ. ಇಲ್ಲಿ ಕೂತರೆ ಅದು ಮುಗಿಯುವುದಿಲ್ಲ."

ಸುಧಾಕರನಿಗೆ ಫೋನ್ ಮಾಡಿ ಹೇಳಿದೆ. "ನನಗೂ ಹೋಗಲಿಕ್ಕೆ ಉಂಟು" ಎಂದ. "ಕೊಟ್ಟಿಗೆಯ ಕಲ್ಲಿನ ಮೇಲೆ ಕಾಲಿಡಲಿಕ್ಕೆ ಹೆದರಿಕೆಯಾಗುತ್ತದೆ. ನಮ್ಮದೇ ಕಲ್ಲು, ಮಾರಾಯ್ತಿ."

ಹೋದೆವು. ಅವನ ಪಕ್ಕೆಲುಬು ಕೂಡಿಕೊಂಡ ಮೇಲಿನ ಒಂದು ಭಾನುವಾರ, ಇಳಿಬಿಸಿಲು. ವಾಮನರ ತಂಡ ಬಲೆ ಬಿಟ್ಟು ಹಗ್ಗಕ್ಕೆ ನಿಂತಿತ್ತು. ಅವತ್ತಿನಿಂದ ಅವರು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಭಾನುವಾರಗಳಲ್ಲಿ ಅಕ್ಕನನ್ನೇ ಕರೆದು ತರುತ್ತಾರಂತೆ. ನೀರಿನ ಅಂಚಿಗೆ ಒಂದು ದೋಣಿ ಕವುಚಿ ಹಾಕಿ ಅದರ ಮೇಲೆ ಕೂರಿಸಿದ್ದರು. ಬೆನ್ನು ನಮಗೆ, ಮುಖ ಕಡಲಿಗೆ, ಪಕ್ಕದಲ್ಲಿ ಕೊಡೆ. ನಾವು ಬಂದದ್ದು ಅವರಿಗೆ ಗೊತ್ತಿರಲಿಲ್ಲ. ದೀಪಸ್ತಂಭದ ಬಂಡೆ ಅಲ್ಲೇ ಇತ್ತು, ಮಕ್ಕಳು ಮೇಲಿನ ಒಣಭಾಗದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದಕ್ಕೆ ಏನೂ ನೆನಪಿದ್ದ ಹಾಗೆ ಕಾಣಲಿಲ್ಲ.

ಸುಧಾಕರ ನೀರಿಗೆ ಬಹಳ ದೂರದಲ್ಲಿ, ಚಪ್ಪಲಿ ಬಿಡದೆ, ಒಣ ಮರಳಿನ ಮೇಲೆ ಕುಳಿತ. ಟೀಚರ್ ಕೈ ಎತ್ತಿದರು. ಜನ ಎಳೆದರು. ಅಂಗೈ ತೆರೆದರು, ಹಿಡಿದು ನಿಂತರು. ಅವನು ಹಗ್ಗವನ್ನು ನೋಡುತ್ತಿದ್ದ.

ವಾಮನ ಹಿಂದೆ ತಿರುಗಿ ಕರೆದರು. "ಕೈ ಕಡಿಮೆ ಉಂಟು ಮಾರ್ರೆ. ಸುಮ್ಮನೆ ಕೂತವರು ಬನ್ನಿ."

ನಾನು ಎದ್ದು ಹೋಗಿ ಹಗ್ಗ ಹಿಡಿದೆ. ಒದ್ದೆ ನಾರು ಅಂಗೈಗೆ ತಾಗಿದಾಗ ಮೈಯೆಲ್ಲ ಒಮ್ಮೆ ಹಿಂದೆಗೆಯಿತು. ಬಿಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬೆನ್ನ ಹಿಂದೆ ಯಾರೋ ಬಂದು ನಿಂತು ಏದುಸಿರು ಬಿಟ್ಟರು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಟೀಚರ ಕೈಗಳು ಮೇಲೆ ಹೋದವು.

ಒಂದು ಚಪ್ಪಾಳೆ. ಎಲ್ಲರೂ ಎಳೆದು ನಿಂತೆವು. ಸದ್ದಡಗಿತು. ಆಮೇಲೆ ನನ್ನ ಹಿಂದಿನಿಂದ ಹಗ್ಗ ಇನ್ನೊಮ್ಮೆ ಜಗ್ಗಿತು.

ಬಿಳಿ ತಲೆ ಸ್ವಲ್ಪ ವಾರೆಯಾಯಿತು. ಟೀಚರ್ ತಿರುಗಲಿಲ್ಲ.

"ಸುಧಾಕರ, ಒಂದೇ."

ಮುಂದಿನ ಚಪ್ಪಾಳೆ ಬರುವುದು ತುಸು ತಡವಾಯಿತು. ನಾವೆಲ್ಲ ಹಗ್ಗ ಹಿಡಿದು ಕಾದೆವು. ಟೀಚರ್ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.